ಮಕ್ಕಳು, ಅಪ್ಪ-ಅಮ್ಮನ ಜೊತೆ ಲಂಡನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಊರಿನಿಂದ ನನಗೆ ಮೆಸೇಜ್ ಮೇಲೆ ಮೆಸೇಜ್ ಬರುತ್ತದೆ. "ಅಕ್ಕಾ, ರಜಕ್ಕೆ ಲಂಡನ್‌ಗೆ ಬರ್ತಿದ್ದೀವಿ, ಏನೇನು ನೋಡಬೇಕು?" ಇಷ್ಟು ವರ್ಷದಲ್ಲಿ ಅಪ್ಪ-ಅಮ್ಮ, ಅತ್ತೆ-ಮಾವ, ಅಣ್ಣನ ಮಕ್ಕಳು, ಗೆಳತಿಯರ ಮನೆಯವರು ಎಲ್ಲರಿಗೂ ಈ ಊರು ಸುತ್ತಿಸಿದ್ದೇನೆ.

ಮೊದಲ ಸಲ ಬಂದಾಗ ಅಪ್ಪ-ಅಮ್ಮನನ್ನು ಒಂದೇ ದಿನ ಐದು ಜಾಗಕ್ಕೆ ಓಡಿಸಿದ್ದೆ. ರಾತ್ರಿ ಅಮ್ಮ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. "ಯಾವುದು ಇಷ್ಟ ಆಯ್ತಮ್ಮಾ?" ಅಂತ ಕೇಳಿದೆ. "ಆ ಪಾರ್ಕಿನ ಕೆರೆ ಹತ್ತಿರ ಬೆಂಚ್ ಮೇಲೆ ಕೂತಿದ್ವಲ್ಲ, ಅದು" ಅಂದರು. ಅವತ್ತಿನಿಂದ ದಿನಕ್ಕೆ ಊರಿನ ಒಂದೇ ದಿಕ್ಕಿಗೆ ಹೋಗುತ್ತೇನೆ. ಅಲ್ಲಿ ಒಂದು ದೊಡ್ಡ ಜಾಗ ನೋಡಿ, ಆಮೇಲೆ ಕೂರುವುದಕ್ಕೆ ಒಂದು ಪಾರ್ಕು. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

## ಹೊರಡುವ ಮುಂಚೆ

ಷೆಂಗೆನ್ ವೀಸಾ ಇದೆ. ಅದರಲ್ಲೇ ಲಂಡನ್‌ಗೂ ಬರಬಹುದಾ?

ಆಗಲ್ಲ. ಬ್ರಿಟನ್ ಷೆಂಗೆನ್ ಗುಂಪಿನಲ್ಲಿಲ್ಲ. ಬ್ರಿಟನ್ನಿನ ವಿಸಿಟರ್ ವೀಸಾವನ್ನೇ ಬೇರೆಯಾಗಿ ತೆಗೆದುಕೊಳ್ಳಬೇಕು. ಪ್ಯಾರಿಸ್ ನೋಡಿಕೊಂಡು ಹಾಗೇ ರೈಲು ಹತ್ತಿ ಬರೋಣ ಅಂದುಕೊಂಡವರು ಎರಡೂ ವೀಸಾ ಮಾಡಿಸಿಕೊಳ್ಳಿ.

ಮಕ್ಕಳಿಗೆ ಏಪ್ರಿಲ್-ಮೇ ರಜ. ಆಗ ಚಳಿ ಜಾಸ್ತಿ ಇರುತ್ತಾ?

ಮೇ ತಿಂಗಳು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಮರಗಳೆಲ್ಲ ಚಿಗುರಿರುತ್ತವೆ, ಸಂಜೆ ಎಂಟೂವರೆವರೆಗೂ ಬೆಳಕಿರುತ್ತದೆ. ಜೂನ್ ಕೊನೆಯಲ್ಲಂತೂ ಸೂರ್ಯ ಮುಳುಗುವುದೇ ರಾತ್ರಿ 9.20ಕ್ಕೆ. ಡಿಸೆಂಬರ್‌ನಲ್ಲಿ ಬೀದಿದೀಪದ ಅಲಂಕಾರ ಚೆನ್ನಾಗಿರುತ್ತದೆ, ಆದರೆ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು. ಮೇ ಕೊನೆಯ ವಾರ ಇಲ್ಲಿನ ಶಾಲೆಗಳಿಗೂ ರಜ, ಮ್ಯೂಸಿಯಂಗಳಲ್ಲಿ ನೂಕುನುಗ್ಗಲು. ಸಾಧ್ಯವಾದರೆ ಆ ವಾರ ಬಿಟ್ಟು ಬನ್ನಿ.

ದಪ್ಪ ಕೋಟು ಒಂದರ ಬದಲು ತೆಳು ಸ್ವೆಟರ್, ಅದರ ಮೇಲೆ ಮಳೆ ತಡೆಯುವ ಜಾಕೆಟ್ ತನ್ನಿ. ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಂಜೆ ಹನಿ ಮಳೆ ಒಂದೇ ದಿನ ಬರುವುದುಂಟು.

ನಾಲ್ಕು ದಿನ ಸಾಕಾಗುತ್ತಾ?

ಸಾಕು, ಆದರೆ ದಿಕ್ಕು ನೋಡಿ ಹಂಚಿಕೊಳ್ಳಬೇಕು. ಒಂದು ದಿನ ವೆಸ್ಟ್‌ಮಿನ್‌ಸ್ಟರ್ ಕಡೆ: ಬಿಗ್ ಬೆನ್, ಕುದುರೆ ಸವಾರರು, ಸೇಂಟ್ ಜೇಮ್ಸ್ ಪಾರ್ಕ್, ಅರಮನೆಯ ಹೊರಗೆ. ಒಂದು ದಿನ ಪೂರ್ವಕ್ಕೆ: ಟವರ್ ಆಫ್ ಲಂಡನ್, ಟವರ್ ಬ್ರಿಡ್ಜ್. ಒಂದು ದಿನ ಸೌತ್ ಕೆನ್ಸಿಂಗ್ಟನ್ನಿನ ಮ್ಯೂಸಿಯಂಗಳು, ಆಮೇಲೆ ಹೈಡ್ ಪಾರ್ಕ್. ಇನ್ನೊಂದು ದಿನ ದೋಣಿಯಲ್ಲಿ ಗ್ರೀನಿಚ್. ಬ್ರಿಟಿಷ್ ಮ್ಯೂಸಿಯಂ ಸೇರಿಸಬೇಕಾದರೆ ಐದನೇ ದಿನ ಇಟ್ಟುಕೊಳ್ಳಿ.

ಬಂದ ದಿನಕ್ಕೆ ಏನೂ ಬುಕ್ ಮಾಡಬೇಡಿ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಮಕ್ಕಳು ಮೊದಲ ಎರಡು ದಿನ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ, ಸಂಜೆ ಆರಕ್ಕೆ ತೂಕಡಿಸುತ್ತಾರೆ. ಅದಕ್ಕೇ ದುಡ್ಡು ಕೊಟ್ಟ ಜಾಗವನ್ನೆಲ್ಲ ಬೆಳಗ್ಗೆಯೇ ನೋಡಿ ಮುಗಿಸಿ.

ಹೋಟೆಲ್ ಬುಕ್ ಮಾಡುವಾಗ ಏನು ನೋಡಬೇಕು?

ಲಿಫ್ಟ್ ಇದೆಯಾ ಅಂತ ಮೊದಲು ಕೇಳಿ. ಇಲ್ಲಿನ ಎಷ್ಟೋ ಸಣ್ಣ ಹೋಟೆಲ್‌ಗಳು ನೂರೈವತ್ತು ವರ್ಷ ಹಳೆಯ ಮನೆಗಳು, ಕಿರಿದಾದ ಮರದ ಮೆಟ್ಟಿಲು. ನನ್ನ ಅತ್ತೆ-ಮಾವನಿಗೆ ಒಂದು ಕಡೆ ನಾಲ್ಕನೇ ಮಹಡಿಯ ರೂಮು ಸಿಕ್ಕಿ, ಮೂರು ದಿನ ಅವರು ಹತ್ತಿ ಇಳಿದು ಸುಸ್ತಾದರು. ಎರಡನೆಯದು, ಚಿಕ್ಕ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಬಿಡಬೇಡಿ. ಊರಿನ ಮಧ್ಯದಲ್ಲೇ ಇರಬೇಕೆಂದಿಲ್ಲ, ಎಲಿಜಬೆತ್ ಲೈನ್ ರೈಲಿನ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಆಯಿತು.

ಲಂಡನ್ ಪಾಸ್ ತಗೊಂಡರೆ ಉಳಿತಾಯನಾ?

ಹಲವು ಜಾಗಗಳನ್ನು ಒಂದೇ ಟಿಕೆಟ್ಟಿನಲ್ಲಿ ನೋಡುವ ಪಾಸು ಅದು. ದಿನಕ್ಕೆ ಮೂರು ನಾಲ್ಕು ಟಿಕೆಟ್ ಜಾಗ ನೋಡುವವರಿಗೆ ಮಾತ್ರ ಉಳಿತಾಯ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಷ್ಟು ನೋಡಲಾಗುವುದಿಲ್ಲ. ಕೊಟ್ಟ ದುಡ್ಡು ಹೋಗಬಾರದು ಅಂತ ಓಡಾಟವೇ ಜಾಸ್ತಿಯಾಗುತ್ತದೆ. ನಾನು ಯಾರಿಗೂ ಹೇಳುವುದಿಲ್ಲ.

## ಓಡಾಟ

ಹೀಥ್ರೂ ಏರ್‌ಪೋರ್ಟಿನಿಂದ ಊರೊಳಗೆ ಹೇಗೆ ಬರೋದು?

ಎಲಿಜಬೆತ್ ಲೈನ್ ಹಿಡಿಯಿರಿ. 2022ರಲ್ಲಿ ಶುರುವಾದ ರೈಲು ಮಾರ್ಗ ಇದು. ಬೋಗಿಗಳು ಅಗಲ, ಎಸಿ ಇದೆ, ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್ ಅಥವಾ ಮೆಟ್ಟಿಲಿಲ್ಲದ ದಾರಿ ಇದೆ. ಪ್ಯಾಡಿಂಗ್ಟನ್ನಿಗೆ ಅರ್ಧ ಗಂಟೆ. ಪಿಕಡಿಲಿ ಲೈನ್ ಮೆಟ್ರೋದಲ್ಲಿ ಅದರ ಅರ್ಧಕ್ಕಿಂತ ಕಡಿಮೆ ದುಡ್ಡು, ಆದರೆ ಊರ ಮಧ್ಯಕ್ಕೆ ಸುಮಾರು ಒಂದು ಗಂಟೆ, ದೊಡ್ಡ ಸೂಟ್‌ಕೇಸ್ ಇದ್ದರೆ ಕಷ್ಟ. ನಾಲ್ಕೈದು ಜನ, ಆರು ಬ್ಯಾಗು ಇದ್ದರೆ ಟ್ಯಾಕ್ಸಿಯೇ ಸರಿ.

ಎಲ್ಲರಿಗೂ ಕಾರ್ಡ್ ಬೇಕಾ? ಮಕ್ಕಳಿಗೆ ಎಷ್ಟು ಟಿಕೆಟ್?

11 ವರ್ಷದೊಳಗಿನ ಮಕ್ಕಳಿಗೆ ಬಸ್, ಮೆಟ್ರೋ, ಎಲಿಜಬೆತ್ ಲೈನ್ ಎಲ್ಲ ಫ್ರೀ. ಮೆಟ್ರೋದಲ್ಲಿ ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳವರೆಗೆ ಹೋಗಬಹುದು. ಅಗಲವಾದ ಗೇಟಿನಲ್ಲಿ ಸಿಬ್ಬಂದಿಗೆ ಹೇಳಿದರೆ ಬಿಡುತ್ತಾರೆ. 11ರಿಂದ 15 ವರ್ಷದವರಿಗೆ ಒಂದು ಆಯ್ಸ್ಟರ್ ಕಾರ್ಡ್ (ದುಡ್ಡು ತುಂಬಿಸಿ ತಟ್ಟುವ ಪ್ರಯಾಣದ ಕಾರ್ಡು) ಕೊಂಡು, ಮೆಟ್ರೋ ಸ್ಟೇಷನ್ ಸಿಬ್ಬಂದಿಯ ಹತ್ತಿರ "ಯಂಗ್ ವಿಸಿಟರ್ ಡಿಸ್ಕೌಂಟ್" ಹಾಕಿಸಿಕೊಳ್ಳಿ. 14 ದಿನ ಅರ್ಧ ದರ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ದೊಡ್ಡವರು ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ತಟ್ಟಿದರೆ ಸಾಕು. ದಿನಕ್ಕೆ ಇಷ್ಟು ಅಂತ ಮಿತಿ ಇದೆ, ಅದು ದಾಟಿದ ಮೇಲೆ ಕಾರ್ಡಿನಿಂದ ದುಡ್ಡು ಹೋಗುವುದಿಲ್ಲ. ಆದರೆ ಒಬ್ಬರಿಗೆ ಒಂದೇ ಕಾರ್ಡು. ಬೆಳಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡ್ ಇರುವ ಫೋನ್ ತಟ್ಟಿದರೆ ಇಬ್ಬರ ಲೆಕ್ಕವಾಗುತ್ತದೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. 2025ರಲ್ಲಿ ಬಸ್ ಚಾರ್ಜು 1.75 ಪೌಂಡ್ ಇತ್ತು, ಅಷ್ಟಕ್ಕೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ನಡೆಯುತ್ತದೆ.

ಅಪ್ಪನಿಗೆ ಮಂಡಿ ನೋವು. ಮೆಟ್ರೋದಲ್ಲಿ ಮೆಟ್ಟಿಲು ಜಾಸ್ತಿ ಅಂತಾರೆ, ಏನು ಮಾಡೋದು?

ಬಸ್ಸನ್ನೇ ನಂಬಿ. ಇಲ್ಲಿನ ಮೆಟ್ರೋ 1863ರಲ್ಲಿ ಶುರುವಾಗಿದ್ದು, ಪ್ರಪಂಚದಲ್ಲೇ ಮೊದಲನೆಯದು. ಅಷ್ಟು ಹಳೆಯದಾದ್ದರಿಂದಲೇ ಮುಕ್ಕಾಲು ಪಾಲಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಸ್ಟೇಷನ್ನುಗಳಲ್ಲಿ ಮೆಟ್ಟಿಲು ತಪ್ಪಿದ್ದಲ್ಲ. ಬಸ್ಸಿಗೆ ಆ ತೊಂದರೆ ಇಲ್ಲ. ಬಾಗಿಲು ಫುಟ್‌ಪಾತ್ ಮಟ್ಟಕ್ಕೇ ಬರುತ್ತದೆ, ಗಾಲಿಕುರ್ಚಿಗೆ ರ‍್ಯಾಂಪ್ ಇದೆ, ಬಾಗಿಲ ಹತ್ತಿರದ ಸೀಟನ್ನು ವಯಸ್ಸಾದವರಿಗೆ ಬಿಟ್ಟುಕೊಡುತ್ತಾರೆ. ಕಪ್ಪು ಟ್ಯಾಕ್ಸಿಗಳಲ್ಲೂ ಗಾಲಿಕುರ್ಚಿ ಹಿಡಿಯುತ್ತದೆ. ದೊಡ್ಡ ಮ್ಯೂಸಿಯಂಗಳಲ್ಲಿ ಕೇಳಿದರೆ ಗಾಲಿಕುರ್ಚಿಯನ್ನು ಪುಕ್ಕಟೆ ಕೊಡುತ್ತಾರೆ. "ನನಗ್ಯಾಕೆ ಅದು" ಅಂತ ನಮ್ಮಪ್ಪ ಮೊದಲು ಒಪ್ಪಲಿಲ್ಲ. ಕೂತ ಮೇಲೆ ಮಧ್ಯಾಹ್ನದವರೆಗೂ ಖುಷಿಯಾಗಿ ನೋಡಿದರು.

ಒಂದು ನಂಬರ್ ಬರೆದಿಟ್ಟುಕೊಳ್ಳಿ: 15ನೇ ನಂಬರ್ ಬಸ್ಸು. ಟ್ರಫಾಲ್ಗರ್ ಚೌಕದಿಂದ ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಪಕ್ಕದಲ್ಲೇ ಹಾದು ಟವರ್ ಆಫ್ ಲಂಡನ್ ತನಕ ಹೋಗುತ್ತದೆ. ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ. ಟೂರಿಸ್ಟ್ ಬಸ್ಸಿಗೆ ಕೊಡುವ ದುಡ್ಡು ಉಳಿಯಿತು.

ಫೋನ್ ಕಿತ್ಕೊಂಡು ಹೋಗ್ತಾರಂತೆ, ನಿಜಾನಾ?

ನಿಜ. ಬೈಕು, ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಬಂದು ಕೈಯಿಂದ ಕಸಿದುಕೊಂಡು ಹೋಗುತ್ತಾರೆ. ಮ್ಯಾಪ್ ನೋಡಬೇಕೆಂದರೆ ರಸ್ತೆ ಅಂಚಿನಲ್ಲಿ ನಿಲ್ಲಬೇಡಿ. ಅಂಗಡಿ ಗೋಡೆಗೆ ಬೆನ್ನು ಕೊಟ್ಟು ನೋಡಿ, ಒಳಗಿಟ್ಟುಕೊಂಡು ನಡೆಯಿರಿ. ಇಷ್ಟು ಮಾಡಿದರೆ ಹೆದರಬೇಕಾಗಿಲ್ಲ.

## ಊಟ, ನೀರು, ಟಾಯ್ಲೆಟ್

ನಾವು ಮೊಟ್ಟೆನೂ ತಿನ್ನಲ್ಲ. ಊಟಕ್ಕೆ ತೊಂದರೆ ಆಗುತ್ತಾ?

ತೊಂದರೆ ಆಗಲ್ಲ, ಆದರೆ ಒಂದು ವಿಷಯ ತಿಳಿದಿರಲಿ. ಇಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿಯೇ ಇರುತ್ತದೆ. ಸ್ಯಾಂಡ್‌ವಿಚ್ಚಿನ ಮೇಯೊನೀಸ್, ಕೇಕು, ಕೆಲವು ಪಾಸ್ತಾ ಎಲ್ಲದರಲ್ಲೂ ಮೊಟ್ಟೆ. "ವೀಗನ್" ಎಂದು ಬರೆದದ್ದನ್ನು ತೆಗೆದುಕೊಂಡರೆ ಚಿಂತೆಯಿಲ್ಲ, ಅದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಪ್ಯಾಕೆಟ್ ಮೇಲೆ ಮೊಟ್ಟೆ, ಹಾಲು, ಕಡಲೆಕಾಯಿಯಂಥ ಅಲರ್ಜಿ ಪದಾರ್ಥಗಳನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಹುಡುಕುವುದು ಸುಲಭ.

ಯೂಸ್ಟನ್ ಸ್ಟೇಷನ್ ಹತ್ತಿರದ ಡ್ರಮಂಡ್ ಸ್ಟ್ರೀಟ್‌ನಲ್ಲಿ ದೋಸೆ, ಭೇಲ್‌ಪುರಿ ಸಿಗುವ ಹಳೆಯ ಸಸ್ಯಾಹಾರಿ ಹೋಟೆಲ್‌ಗಳಿವೆ. ಬ್ರಿಟಿಷ್ ಮ್ಯೂಸಿಯಂನಿಂದ ದೂರವೇನಲ್ಲ. ವೆಂಬ್ಲಿ, ಈಸ್ಟ್ ಹ್ಯಾಮ್ ಕಡೆ ಹೋದರೆ ಕರಿಬೇವು, ಇಡ್ಲಿ ಹಿಟ್ಟು, ಮಾವಿನಕಾಯಿ ಎಲ್ಲ ಸಿಗುತ್ತದೆ. ನಮ್ಮಮ್ಮ ಬಂದಾಗ ಮಾಡುವುದು ಮಾತ್ರ ಒಂದೇ: ಬೆಳಗ್ಗೆ ಎದ್ದು ಮೊಸರನ್ನ ಕಲಸಿ ಡಬ್ಬಿಗೆ ಹಾಕುವುದು. ಪಾರ್ಕಿನ ಹುಲ್ಲಿನ ಮೇಲೆ ಶಾಲು ಹಾಸಿ ಉಪ್ಪಿನಕಾಯಿ ಜೊತೆ ತಿನ್ನುವಾಗ ಯಾರೂ ತಿರುಗಿ ನೋಡುವುದಿಲ್ಲ, ಇಲ್ಲಿನವರೂ ಹಾಗೇ ಡಬ್ಬಿ ಬಿಚ್ಚಿ ತಿನ್ನುತ್ತಾರೆ.

ನಲ್ಲಿ ನೀರು ಕುಡಿಯಬಹುದಾ? ಟಾಯ್ಲೆಟ್ ಎಲ್ಲಿ ಸಿಗುತ್ತೆ?

ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ, ಬಾಟಲಿ ತುಂಬಿಕೊಳ್ಳಿ. ಟಾಯ್ಲೆಟ್‌ಗೆ ಮ್ಯೂಸಿಯಂ, ದೊಡ್ಡ ರೈಲ್ವೆ ಸ್ಟೇಷನ್, ದೊಡ್ಡ ಅಂಗಡಿಗಳು. ಮೆಟ್ರೋ ಸ್ಟೇಷನ್ನಿನಲ್ಲಿ ಇದ್ದೇ ಇರುತ್ತದೆ ಎಂದು ನಂಬಬೇಡಿ. ಎಲ್ಲ ಕಡೆ ಬರೀ ಪೇಪರು, ಜೆಟ್ ಇರುವುದಿಲ್ಲ. ವಯಸ್ಸಾದವರ ಬ್ಯಾಗಿನಲ್ಲಿ ಒಂದು ಖಾಲಿ ಬಾಟಲಿ ಇಟ್ಟಿರಿ.

## ಮೊದಲ ಸಲ ನೋಡುವ ಜಾಗಗಳು

ದುಡ್ಡು ಕೊಡದೆ ನೋಡೋದು ಏನಾದರೂ ಇದೆಯಾ?

ಒಳ್ಳೆಯದರಲ್ಲಿ ಅರ್ಧದಷ್ಟು ಪುಕ್ಕಟೆಯೇ. ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಬೆತ್ನಲ್ ಗ್ರೀನ್‌ನಲ್ಲಿ ಮಕ್ಕಳಿಗಾಗಿಯೇ 2023ರಲ್ಲಿ ಹೊಸದಾಗಿ ತೆರೆದ ಯಂಗ್ ವಿ ಅಂಡ್ ಎ, ಎಲ್ಲಕ್ಕೂ ಪ್ರವೇಶ ಫ್ರೀ. ಕೆಲವಕ್ಕೆ ವೆಬ್‌ಸೈಟಿನಲ್ಲಿ ಸಮಯ ಕಾದಿರಿಸಿದರೆ ಕ್ಯೂ ತಪ್ಪುತ್ತದೆ.

ಚಿಕ್ಕ ಮಕ್ಕಳಿದ್ದರೆ ನ್ಯಾಚುರಲ್ ಹಿಸ್ಟರಿಗೆ ಮೊದಲು ಹೋಗಿ. ಒಳಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ಬಾಯಿ ತೆರೆದು ಧುಮುಕುವ ಹಾಗೆ ತೂಗುತ್ತಿರುತ್ತದೆ. 1891ರಲ್ಲಿ ಐರ್ಲೆಂಡಿನ ದಡಕ್ಕೆ ಬಂದು ಬಿದ್ದಿದ್ದ ತಿಮಿಂಗಿಲ ಅದು, ಹೆಸರು ಹೋಪ್. ಡೈನೋಸಾರ್ ನೋಡಿದ ಮೇಲೆ ಭೂಕಂಪದ ಕೋಣೆಯನ್ನೂ ಹುಡುಕಿ, ಜಪಾನಿನ ಅಂಗಡಿಯೊಂದರ ಹಾಗೆ ಮಾಡಿಟ್ಟ ನೆಲ ನಿಜವಾಗಿ ನಡುಗುತ್ತದೆ.

ಬ್ರಿಟಿಷ್ ಮ್ಯೂಸಿಯಂ ಮಕ್ಕಳಿಗೆ ಬೋರ್ ಆಗಲ್ವಾ?

ಎಲ್ಲ ನೋಡಲು ಹೋದರೆ ದೊಡ್ಡವರಿಗೂ ಬೋರೇ. ಮೂರು ವಸ್ತು ಆರಿಸಿಕೊಂಡು ಹೋಗಿ: ರೊಸೆಟ್ಟಾ ಕಲ್ಲು, ಈಜಿಪ್ಟಿನ ಮಮ್ಮಿಗಳು, ಆಮೇಲೆ ನಮ್ಮ ಪಕ್ಕದ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳು. ರೊಸೆಟ್ಟಾ ಕಲ್ಲಿನ ಮೇಲೆ ಒಂದೇ ಆಜ್ಞೆಯನ್ನು ಮೂರು ಲಿಪಿಯಲ್ಲಿ ಕೆತ್ತಿದ್ದಾರೆ. ಗ್ರೀಕ್ ಓದಲು ಬರುತ್ತಿದ್ದುದರಿಂದಲೇ ಈಜಿಪ್ಟಿನ ಚಿತ್ರಲಿಪಿ ಬಿಡಿಸಲು ಸಾಧ್ಯವಾಯಿತು. ಇದನ್ನು ಅಣ್ಣನ ಮಗನಿಗೆ ಹೇಳುತ್ತಿದ್ದೆ. ಅವನು ಗಾಜಿಗೆ ಮೂಗು ಒತ್ತಿಕೊಂಡು, "ನಮ್ಮ ಮೆಟ್ರೋ ಬೋರ್ಡ್ ಥರ ಅಲ್ವಾ ಅತ್ತೆ?" ಅಂದ. ಹೌದಲ್ಲ! ಅಷ್ಟು ಚೆನ್ನಾಗಿ ನಾನೂ ಯೋಚಿಸಿರಲಿಲ್ಲ.

ಟವರ್ ಆಫ್ ಲಂಡನ್ ಟಿಕೆಟ್ ತುಂಬಾ ದುಬಾರಿ. ಹೋಗಲೇಬೇಕಾ?

ಒಂದೇ ಜಾಗಕ್ಕೆ ದುಡ್ಡು ಕೊಡುವುದಾದರೆ ಈ ಹಳೆಯ ಕೋಟೆಗೇ ಕೊಡಿ. ದೊಡ್ಡವರಿಗೆ 30 ಪೌಂಡಿಗೂ ಮೇಲೆ, ನಿಜ. ಆದರೆ ಅರ್ಧ ದಿನ ಹಾಯಾಗಿ ಕಳೆಯುತ್ತದೆ. ಟಿಕೆಟ್ಟಿನಲ್ಲೇ ಯೋಮನ್ ವಾರ್ಡರ್‌ಗಳ ಜೊತೆ ಸುತ್ತಾಟ ಸೇರಿದೆ. ನಿವೃತ್ತ ಸೈನಿಕರು ಅವರು, ಕೋಟೆಯೊಳಗೇ ಸಂಸಾರ ಸಮೇತ ವಾಸ. ಕಥೆ ಹೇಳುವುದರಲ್ಲಿ ಎತ್ತಿದ ಕೈ. ನಡುವಿನ ವೈಟ್ ಟವರ್ ಕಟ್ಟಲು ಶುರು ಮಾಡಿದ್ದು 1070ರ ದಶಕದಲ್ಲಿ, ವಿಲಿಯಂ ದೊರೆ.

ಮಕ್ಕಳಿಗೆ ಇಷ್ಟವಾಗುವುದು ಅಲ್ಲಿನ ರೇವನ್‌ಗಳು. ನಮ್ಮ ಕಾಗೆಗಿಂತ ತುಂಬಾ ದೊಡ್ಡ ಕಪ್ಪು ಹಕ್ಕಿ. ಅವು ಬಿಟ್ಟು ಹೋದರೆ ಕೋಟೆಯೂ ರಾಜ್ಯವೂ ಬೀಳುತ್ತದೆ ಅನ್ನುವ ನಂಬಿಕೆಯಿಂದ ಕಡಿಮೆಯೆಂದರೂ ಆರು ಹಕ್ಕಿಗಳನ್ನು ಸಾಕಿರುತ್ತಾರೆ. ನೋಡಿಕೊಳ್ಳಲು ಒಬ್ಬ ಅಧಿಕಾರಿಯೇ ಇದ್ದಾರೆ.

ಕೊಹಿನೂರ್ ಇರುವುದೂ ಇಲ್ಲೇ, 1937ರಲ್ಲಿ ಮಾಡಿಸಿದ ರಾಣಿಯ ಕಿರೀಟದಲ್ಲಿ. 1849ರಲ್ಲಿ ಲಾಹೋರ್‌ನಲ್ಲಿ ಹತ್ತು ವರ್ಷದ ಮಹಾರಾಜ ದುಲೀಪ್ ಸಿಂಗ್ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯವರು ತೆಗೆದುಕೊಂಡಿದ್ದು. ಇಲ್ಲಿ ಬಂದ ಮೇಲೆ ಮತ್ತೆ ಕತ್ತರಿಸಿದರು, 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಕಿರೀಟಗಳ ಮುಂದೆ ನೆಲವೇ ಚಲಿಸುತ್ತದೆ, ನಿಂತು ನೋಡಲು ಬಿಡುವುದಿಲ್ಲ. ಬಾಗಿಲು ತೆರೆದ ಕೂಡಲೇ ಮೊದಲು ಅಲ್ಲಿಗೇ ಹೋಗಿ. ಹತ್ತು ವರ್ಷದ ನಿಮ್ಮ ಮಗುವಿಗೆ ಆ ಹತ್ತು ವರ್ಷದ ದೊರೆಯ ಕಥೆಯನ್ನು ಹೇಳಿ.

ಅರಮನೆ ಮುಂದೆ ಸೈನಿಕರು ಬದಲಾಗೋದು ನೋಡೋಕೆ ಎಷ್ಟು ಗಂಟೆಗೆ ಹೋಗಬೇಕು?

ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ ಬೆಳಗ್ಗೆ 11ಕ್ಕೆ. ಗೇಟಿನ ಹತ್ತಿರ ಜಾಗ ಬೇಕೆಂದರೆ ಒಂದು ಗಂಟೆ ಮುಂಚೆ ನಿಲ್ಲಬೇಕು, ಆದರೂ ಮಕ್ಕಳಿಗೆ ಜನರ ಬೆನ್ನೇ ಕಾಣುವುದು. ನಾನು ಕರೆದುಕೊಂಡು ಹೋಗುವುದು ವೈಟ್‌ಹಾಲ್ ರಸ್ತೆಯ ಹಾರ್ಸ್ ಗಾರ್ಡ್ಸ್‌ಗೆ. ಅಲ್ಲಿ ದಿನವೂ 11ಕ್ಕೆ, ಭಾನುವಾರ 10ಕ್ಕೆ ಕುದುರೆ ಸವಾರರು ಬದಲಾಗುತ್ತಾರೆ. ಬೇಲಿಯಿಲ್ಲ, ಹತ್ತಿರದಲ್ಲೇ ಕಾಣುತ್ತದೆ. ಕುದುರೆ ಮುಟ್ಟಲು ಬಿಡಬೇಡಿ, ಒದೆಯಬಹುದು, ಕಚ್ಚಬಹುದು ಅಂತ ಬೋರ್ಡೇ ಇದೆ.

ಅಲ್ಲಿಂದ ಹಿಂದೆ ನಡೆದರೆ ಸೇಂಟ್ ಜೇಮ್ಸ್ ಪಾರ್ಕ್. ಕೆರೆಯಲ್ಲಿ ಪೆಲಿಕನ್‌ಗಳಿವೆ. ನಮ್ಮ ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಯ ಬಳಗ. 1664ರಲ್ಲಿ ರಷ್ಯಾದ ರಾಯಭಾರಿ ಮೊದಲ ಹಕ್ಕಿಗಳನ್ನು ಕೊಟ್ಟಿದ್ದರಂತೆ. ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮೀನು ಹಾಕುತ್ತಾರೆ. ನಮ್ಮಮ್ಮ ಹೇಳಿದ ಬೆಂಚು ಈ ಕೆರೆ ದಡದ್ದೇ.

ಲಂಡನ್ ಐ ಹತ್ತಬೇಕಾ?

ಮಕ್ಕಳು ಹಟ ಹಿಡಿದರೆ ಹತ್ತಿ. 135 ಮೀಟರ್ ಎತ್ತರ, ಅರ್ಧ ಗಂಟೆಯ ಒಂದು ಸುತ್ತು. ಬರೀ ಮೇಲಿಂದ ಊರು ನೋಡಬೇಕು ಅಂದರೆ ಹೊರೈಜನ್ 22 ಇದೆ. 58ನೇ ಮಹಡಿ, ಲಂಡನ್ ಐಗಿಂತ ಎಷ್ಟೋ ಎತ್ತರ, ಪುಕ್ಕಟೆ. ಮುಂಚೆಯೇ ಬುಕ್ ಮಾಡಬೇಕು ಅಷ್ಟೇ.

ಇಡೀ ದಿನ ಮಳೆ ಬಂದರೆ?

ಪೋಸ್ಟಲ್ ಮ್ಯೂಸಿಯಂಗೆ ಹೋಗಿ. 1927ರಿಂದ 2003ರವರೆಗೆ ಊರಿನ ಕೆಳಗೆ ಸುರಂಗದಲ್ಲಿ ಅಂಚೆ ಚೀಲ ಸಾಗಿಸಲೆಂದೇ ಪುಟ್ಟ ರೈಲು ಓಡುತ್ತಿತ್ತು, ಚಾಲಕನಿಲ್ಲದೆ. ಈಗ ಅದೇ ಹಳಿಯ ಮೇಲೆ ಜನರನ್ನು ಕೂರಿಸಿಕೊಂಡು ಕಾಲು ಗಂಟೆ ಸುತ್ತಿಸುತ್ತಾರೆ. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನನ್ನ ಮಾವ ಮಕ್ಕಳಿಗಿಂತ ಜಾಸ್ತಿ ಖುಷಿಪಟ್ಟರು. ಇನ್ನೊಂದು, ಕೋವೆಂಟ್ ಗಾರ್ಡನ್ನಿನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ. ಮಕ್ಕಳಿಗೆ ಫ್ರೀ, ದೊಡ್ಡವರ ಟಿಕೆಟ್ ಒಂದು ವರ್ಷ ನಡೆಯುತ್ತದೆ.

ಮಕ್ಕಳಿಗೆ ಸುಮ್ನೆ ಆಡೋಕೆ ಜಾಗ ಎಲ್ಲಿದೆ?

ಬ್ರಿಟಿಷ್ ಮ್ಯೂಸಿಯಂ ಹತ್ತಿರ ಕೋರಮ್ಸ್ ಫೀಲ್ಡ್ಸ್ ಅಂತ ಇದೆ. ಏಳು ಎಕರೆ. ಜೊತೆಯಲ್ಲಿ ಮಗು ಇಲ್ಲದಿದ್ದರೆ ದೊಡ್ಡವರನ್ನು ಒಳಗೆ ಬಿಡುವುದೇ ಇಲ್ಲ! ಮೊದಲು ಅನಾಥ ಮಕ್ಕಳ ಆಶ್ರಮ ಇದ್ದ ಜಾಗ ಅದು. ಮರಳು, ಜಾರುಬಂಡೆ, ನೀರಾಟ ಎಲ್ಲ ಇದೆ. ಅರ್ಧ ದಿನದ ಮ್ಯೂಸಿಯಂ ಆದ ಮೇಲೆ ಮಕ್ಕಳಿಗೆ ಎರಡು ಗಂಟೆ ಇಲ್ಲಿ ಬಿಡುವು ಕೊಟ್ಟುಬಿಡಿ.

## ನಮ್ಮೂರಿನ ನಂಟು

ಟಿಪ್ಪುವಿನ ಹುಲಿ ಲಂಡನ್‌ನಲ್ಲಿದೆಯಂತೆ, ಎಲ್ಲಿ?

ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ದಕ್ಷಿಣ ಏಷ್ಯಾ ವಿಭಾಗದ ವಸ್ತು. ಪ್ರವೇಶ ಫ್ರೀ. ಗ್ಯಾಲರಿಗಳ ನವೀಕರಣ ನಡೆಯುತ್ತಿರುತ್ತದೆ, ಹೊರಡುವ ಮುಂಚೆ ಹುಲಿ ಪ್ರದರ್ಶನದಲ್ಲಿದೆಯಾ ಅಂತ ಅವರ ವೆಬ್‌ಸೈಟ್ ನೋಡಿ.

ಮರದ ಹುಲಿ, ಹೆಚ್ಚು ಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದು. ಕೆಳಗೆ ಬಿದ್ದ ಯುರೋಪಿನವನ ಕುತ್ತಿಗೆಗೆ ಬಾಯಿ ಹಾಕಿದೆ. ಹುಲಿಯ ಭುಜದ ಹತ್ತಿರ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿ ಊದಿ ಮನುಷ್ಯ ನರಳುವ ಸದ್ದು, ಹುಲಿ ಗುರುಗುಟ್ಟುವ ಸದ್ದು ಬರುತ್ತದೆ, ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ. ಪಕ್ಕೆಯ ಮುಚ್ಚಳ ತೆಗೆದರೆ ಹೊಟ್ಟೆಯೊಳಗೆ ನುಡಿಸಲು ಪುಟ್ಟ ಆರ್ಗನ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅರಮನೆಯಿಂದ ಹೊತ್ತು ತಂದಿದ್ದು. 1808ರಿಂದ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರಿಗೆ ತೋರಿಸಿದರು. ಆಗ ಯಾರು ಬೇಕಾದರೂ ಹಿಡಿ ತಿರುಗಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಪುಡಿಪುಡಿಯಾಗಿತ್ತು, ಮತ್ತೆ ಜೋಡಿಸಿದ್ದಾರೆ. ಈಗ ಗಾಜಿನೊಳಗೆ. ಅದರ ಮುಂದೆ ನಿಂತಾಗ ದರಿಯಾ ದೌಲತ್‌ನ ಗೋಡೆಚಿತ್ರಗಳು ನೆನಪಾಗಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಬಸವಣ್ಣನ ಪ್ರತಿಮೆಗೆ ಹೇಗೆ ಹೋಗೋದು?

ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಸೇತುವೆ ದಾಟಿದ ಕೂಡಲೇ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರು ಓಡಾಡಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿ ಪಕ್ಕದಲ್ಲೇ ನಡೆಯಿರಿ. ಕೋವಿಡ್‌ನಲ್ಲಿ ತೀರಿಹೋದವರಿಗಾಗಿ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳ ಉದ್ದ ಗೋಡೆ ಸಿಗುತ್ತದೆ. ಆಚೆ ದಡದಲ್ಲಿ ಪಾರ್ಲಿಮೆಂಟು. ನಿಧಾನವಾಗಿ ನಡೆದರೆ ಅರ್ಧ ಗಂಟೆ. ನಮ್ಮಪ್ಪ ಅಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಮೆಲ್ಲಗೆ ಒಂದು ವಚನ ಹೇಳಿಕೊಂಡರು. ಸಂಜೆ ಹೊತ್ತು ಹೋಗಿ, ಬಿಸಿಲು ತಗ್ಗಿರುತ್ತದೆ.

ಲಾಲ್‌ಬಾಗ್ ಗಾಜಿನ ಮನೆಯ ಮೂಲ ಇಲ್ಲಿದೆಯಾ?

ಇತ್ತು, ಈಗಿಲ್ಲ. ಜೋಸೆಫ್ ಪ್ಯಾಕ್ಸ್‌ಟನ್ 1851ರಲ್ಲಿ ಹೈಡ್ ಪಾರ್ಕಿನಲ್ಲಿ ಕಟ್ಟಿದ ಕ್ರಿಸ್ಟಲ್ ಪ್ಯಾಲೆಸ್ ನೋಡಿಯೇ 1889ರಲ್ಲಿ ನಮ್ಮ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು. ಇಲ್ಲಿನದನ್ನು 1854ರಲ್ಲಿ ದಕ್ಷಿಣ ಲಂಡನ್‌ಗೆ ಸಾಗಿಸಿದರು, 1936ರಲ್ಲಿ ಸುಟ್ಟುಹೋಯಿತು. ನಮ್ಮದು ಉಳಿದಿದೆ.

ಆದರೂ ಆ ಕ್ರಿಸ್ಟಲ್ ಪ್ಯಾಲೆಸ್ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೆರೆಯ ದ್ವೀಪಗಳಲ್ಲಿ 1854ರಲ್ಲಿ ಮಾಡಿದ ಡೈನೋಸಾರ್ ಮತ್ತು ಇತರ ಪ್ರಾಣಿಗಳ ಸುಮಾರು 30 ಬೊಂಬೆಗಳಿವೆ. ಇಗ್ವಾನೊಡಾನ್‌ಗೆ ಮೂಗಿನ ಮೇಲೆ ಕೊಂಬು ಇಟ್ಟಿದ್ದಾರೆ. ಅದು ನಿಜವಾಗಿ ಹೆಬ್ಬೆರಳಿನ ಮುಳ್ಳು ಅಂತ ಆಮೇಲೆ ಗೊತ್ತಾಯಿತು. ಡೈನೋಸಾರ್ ಪುಸ್ತಕ ಓದಿದ ಮಕ್ಕಳಿಗೆ ತಪ್ಪು ಹುಡುಕುವುದೇ ಆಟ.

## ಎರಡನೇ ಸಲ ಬರುವವರಿಗೆ

ಗ್ರೀನಿಚ್‌ನಲ್ಲಿ ಸೊನ್ನೆ ರೇಖಾಂಶದ ಗೆರೆ ಬಿಟ್ಟು ಇನ್ನೇನಿದೆ?

ದಾರಿಯೇ ಅರ್ಧ ಸುಖ. ಹೋಗುವಾಗ ದೋಣಿ, ಬರುವಾಗ ಡಿಎಲ್‌ಆರ್ ರೈಲು. ರೈಲಿಗೆ ಚಾಲಕರಿಲ್ಲ, ಮುಂದಿನ ಸೀಟಿನಲ್ಲಿ ಕೂತ ಮಗುವೇ ಓಡಿಸಿದ ಹಾಗೆ. ದೋಣಿ ಚಾರ್ಜು ದಿನದ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ, ಬೇರೆಯಾಗಿ ಹೋಗುತ್ತದೆ.

ವೀಕ್ಷಣಾಲಯದ ಅಂಗಳದ ಗೆರೆಗೆ ಟಿಕೆಟ್ ಬೇಕು. ಗೆರೆ ಮೇಲೆ ನಿಂತು ಫೋನಿನಲ್ಲಿ ಜಿಪಿಎಸ್ ನೋಡಿ, ಸೊನ್ನೆ ಬರುವುದಿಲ್ಲ. ಈಗಿನ ಸೊನ್ನೆ ಅಲ್ಲಿಂದ ನೂರು ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನ ಮೇಲಿದೆ. ಫೋನ್ ಹಿಡಿದು ಅದನ್ನು ಹುಡುಕುವುದಕ್ಕೆ ಟಿಕೆಟ್ ಬೇಡ. ಕೊನೆಗೆ 1902ರ ಸುರಂಗದಲ್ಲಿ ಥೇಮ್ಸ್ ಕೆಳಗೇ ಆಚೆ ದಡಕ್ಕೆ ನಡೆದುಬಿಡಿ.

ಟವರ್ ಬ್ರಿಡ್ಜ್ ತೆರೆಯೋದು ನೋಡಬೇಕು. ಅದೃಷ್ಟ ಇದ್ದರೆ ಮಾತ್ರನಾ?

ಅದೃಷ್ಟ ಬೇಡ, ವೇಳಾಪಟ್ಟಿ ಇದೆ. ವರ್ಷಕ್ಕೆ ಸುಮಾರು 800 ಸಲ ಎತ್ತುತ್ತಾರೆ, ಸಮಯವನ್ನು ಸೇತುವೆಯ ವೆಬ್‌ಸೈಟಿನಲ್ಲಿ ಮುಂಚೆಯೇ ಹಾಕುತ್ತಾರೆ. 1894ರಿಂದಲೂ ಹಡಗಿಗೇ ಮೊದಲ ಹಕ್ಕು, ರಸ್ತೆಯವರು ಕಾಯಬೇಕು. ದಕ್ಷಿಣ ದಡದಲ್ಲಿ ನಿಂತು ನೋಡಿ.

ರೋಮನ್ನರ ಕಾಲದ್ದು ಏನಾದರೂ ಉಳಿದಿದೆಯಾ?

ಟವರ್ ಹಿಲ್ ಸ್ಟೇಷನ್ನಿನ ಪಕ್ಕದಲ್ಲೇ ರೋಮನ್ ಗೋಡೆ ನಿಂತಿದೆ, ದಿನವೂ ಸಾವಿರಾರು ಜನ ನೋಡದೆ ಹಾದುಹೋಗುತ್ತಾರೆ. ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯ ನೆಲಮಾಳಿಗೆಯಲ್ಲಿ 1988ರಲ್ಲಿ ಸಿಕ್ಕ ಅಖಾಡದ ಅವಶೇಷ ಇದೆ. ಹೊರಗಿನ ಅಂಗಳದಲ್ಲಿ ಕಪ್ಪು ಕಲ್ಲಿನ ದೊಡ್ಡ ವೃತ್ತ ಅದರ ಅಳತೆ. ಮಕ್ಕಳಿಗೆ ಆ ಗೆರೆ ಹಿಡಿದು ಓಡಲು ಹೇಳಿ. ಎರಡಕ್ಕೂ ದುಡ್ಡಿಲ್ಲ.

ಥೇಮ್ಸ್ ನದಿ ದಡಕ್ಕೆ ಇಳಿಯಬಹುದಾ? ಹಳೇ ನಾಣ್ಯ ಸಿಗುತ್ತಂತೆ.

ಇಳಿಯಬಹುದು, ಹುಡುಕುವ ಹಾಗಿಲ್ಲ. ಹುಡುಕಲು, ಅಗೆಯಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. ಬರೀ ನಡೆದಾಡಲು ಸೌತ್‌ಬ್ಯಾಂಕ್ ಕಡೆಯ ಮೆಟ್ಟಿಲಿನಿಂದ ಇಳಿಯಿರಿ. ಸಮುದ್ರದ ಉಬ್ಬರ ಇಲ್ಲಿಯವರೆಗೂ ಬರುತ್ತದೆ, ನೀರು ಏಳು ಮೀಟರ್ ತನಕ ಏರಿ ಇಳಿಯುತ್ತದೆ. ಹಾಗಾಗಿ ಇಳಿತದ ಸಮಯ ನೋಡಿಕೊಂಡೇ ಹೋಗಿ. ಕೆಸರು ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ.

ಕಲ್ಲುಗಳ ನಡುವೆ ಬೆಳ್ಳಗೆ, ಸೀಮೆಸುಣ್ಣದ ತುಂಡಿನ ಹಾಗೆ, ನಡುವೆ ತೂತಿರುವ ಚೂರುಗಳು ಕಾಣುತ್ತವೆ. ನೂರಾರು ವರ್ಷದ ಹಿಂದೆ ಜನ ಹೊಗೆಸೊಪ್ಪು ಸೇದಿ ಎಸೆದ ಮಣ್ಣಿನ ಪೈಪಿನ ಕೊಳವೆ ಅವು. ಬಗ್ಗಿ ನೋಡಿ, ಫೋಟೋ ತೆಗೆದುಕೊಳ್ಳಿ, ಅಲ್ಲೇ ಬಿಡಿ. ನೀರು ಕಾಲ ಹತ್ತಿರ ಬರುವುದು ಕಂಡ ಕೂಡಲೇ ಮಕ್ಕಳ ಕೈ ಹಿಡಿದು ಮೆಟ್ಟಿಲು ಹತ್ತಿಬಿಡಿ.